ಸಂಕರ ಹತ್ತಿ: ಧಾರವಾಡದ ಪಾಲು

‘ಹೈಬ್ರಿಡ್ ಹತ್ತಿ ಬಂದದ್ದೇ ಬಿಟಿ ಕಂಪನಿಗಳ ಜೊತೆ’ ಎಂಬ ಮಾತು ಈಗ ಕೃಷಿ ಪದವೀಧರರ ಬಾಯಲ್ಲೂ ಕೇಳಿಬರುತ್ತದೆ. ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. ಅದಕ್ಕೆ ಮೂವತ್ತು ವರ್ಷ ಮೊದಲೇ ಧಾರವಾಡದ ಸರಕಾರಿ ಸಂಶೋಧನಾ ಕೇಂದ್ರದಿಂದ ‘ವರಲಕ್ಷ್ಮಿ’ ಹೊರಬಂದಿತ್ತು.

ಹಳೆಯ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಮುಳಗುಂದ, ಲಕ್ಷ್ಮೇಶ್ವರ, ಮುಂಡರಗಿಯ ಎರಿಹೊಲಗಳದ್ದು ಮೂಲತಃ ದೇಸಿ ಹತ್ತಿ. ಹಡಗು ಹತ್ತುತ್ತಿದ್ದ ಬಂದರಿನಿಂದಾಗಿ ಪೇಟೆಯಲ್ಲಿ ಅದು ಕುಮಟಾ ಹತ್ತಿ. ಮ್ಯಾಂಚೆಸ್ಟರ್ ಗಿರಣಿಗಳಿಗಾಗಿ 1840ರ ದಶಕದಲ್ಲಿ ಅಮೆರಿಕದ ಬೀಜ ಬಂತು, ‘ಧಾರವಾಡ-ಅಮೆರಿಕನ್’ ಎನಿಸಿಕೊಂಡಿತು. ಅದರ ವಂಶದಲ್ಲಿ ಗದಗ-1, ಆಮೇಲೆ ಲಕ್ಷ್ಮಿ. ದೇಸಿ ಕಡೆಯಲ್ಲಿ ಜಯವಂತ, ಜಯಧರ. ರೈತ ಹತ್ತಿಕಾಳಿಗೆ ಸಗಣಿ-ಮಣ್ಣು ತಿಕ್ಕಿ, ಕೂರಿಗೆಯಲ್ಲಿ ಸಿಕ್ಕಿಕೊಳ್ಳದಂತೆ ಮಾಡಿ ಹಿಂಗಾರಿಗೆ ಬಿತ್ತುತ್ತಿದ್ದ. ಮುಂದಿನ ವರ್ಷದ ಬೀಜಕ್ಕೆ ಅದೇ ಬೆಳೆ ಸಾಕಾಗುತ್ತಿತ್ತು.

1970ರಲ್ಲಿ ಸೂರತ್‌ನ ಸಿ.ಟಿ. ಪಟೇಲರು ಎಚ್-4 ತಂದರು. ಜಗತ್ತಿನ ಮೊದಲ ವಾಣಿಜ್ಯ ಸಂಕರ ಹತ್ತಿ ಅದು. ಆದರೆ ತಾಯಿ-ತಂದೆ ಎರಡೂ ಒಂದೇ ಪ್ರಭೇದದವು. 1972ರಲ್ಲಿ ಧಾರವಾಡದ ಡಾ. ಬಿ.ಎಚ್. ಕಾತರಕಿ ಮಾಡಿದ್ದು ಇನ್ನೂ ಕಷ್ಟದ ಕೆಲಸ. ನಮ್ಮ ಲಕ್ಷ್ಮಿ ಹೆಣ್ಣು. ಉದ್ದ ಎಳೆಯ ಬಾರ್ಬಡೆನ್ಸ್ ಪ್ರಭೇದದ ಎಸ್‌ಬಿ 289ಇ ಗಂಡು. ಒಂದರಿಂದ ಇಳುವರಿ, ಈ ನೆಲಕ್ಕೆ ಒಗ್ಗುವ ಗುಣ. ಇನ್ನೊಂದರಿಂದ ನಯವಾದ ನೂಲು. ಎರಡರಲ್ಲೂ 52 ವರ್ಣತಂತುಗಳಿದ್ದುದರಿಂದ ಕೂಡಿಕೆ ಆಯಿತು. 26 ವರ್ಣತಂತುಗಳ ಜಯಧರಕ್ಕೆ ಅಲ್ಲಿ ಜಾಗವಿರಲಿಲ್ಲ.

ಬೀಜ ತಯಾರಾಗುತ್ತಿದ್ದದ್ದು ಕೈಯಿಂದಲೇ, ಇವತ್ತಿಗೂ ಬಹುಪಾಲು ಹಾಗೆಯೇ. ಮರುದಿನ ಅರಳಲಿರುವ ಮೊಗ್ಗನ್ನು ಸಂಜೆ ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ಎಸಳನ್ನೂ ಕೇಸರದ ಕೊಳವೆಯನ್ನೂ ಒಟ್ಟಿಗೆ ಸುಲಿದು ತೆಗೆಯಬೇಕು, ಒಳಗಿನ ಶಲಾಕೆಗೆ ಗಾಯವಾಗಬಾರದು. ಮೇಲೆ ಕೆಂಪು ಕಾಗದದ ಚೀಲ. ಬೆಳಿಗ್ಗೆ ಗಂಡು ಸಾಲಿನಿಂದ ಹಳದಿ ಹೂ ತಂದು ಶಲಾಕೆಗೆ ಸವರಿ ದಾರ ಕಟ್ಟಬೇಕು. ಒಂದು ಗಂಡು ಹೂ ನಾಲ್ಕೈದು ಹೆಣ್ಣಿಗೆ ಸಾಕು. ರಾಣೆಬೆನ್ನೂರು, ಹಾವೇರಿ ಕಡೆ ‘ಕ್ರಾಸಿಂಗ್’ ಎಂದರೆ ಎಲ್ಲರಿಗೂ ಗೊತ್ತು. ಈ ಕೆಲಸ ಮಾಡಿದವರು ಹೆಂಗಸರು, ಎಷ್ಟೋ ಕಡೆ ಶಾಲೆ ಬಿಡಿಸಿ ತಂದ ಹುಡುಗಿಯರು. ಸಂಕರದ ಚರಿತ್ರೆ ಬರೆದವರು ಇವರಿಗೆ ಒಂದು ಸಾಲನ್ನೂ ಕೊಟ್ಟಿಲ್ಲ.

1981ರಲ್ಲಿ ಡಿಸಿಎಚ್-32 ಬಂತು, ಜನರ ಬಾಯಲ್ಲಿ ಜಯಲಕ್ಷ್ಮಿ. ಎಳೆಯ ಗುಣದಲ್ಲಿ ಇಂದಿಗೂ ಅದಕ್ಕೆ ಸಮನಾದ ಸಂಕರಗಳು ಬೆರಳೆಣಿಕೆ, ಇದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಅದರ ಸಾಕಣೆ ಹಗುರವಲ್ಲ. ಸಾಲಿನಿಂದ ಸಾಲಿಗೆ ನಾಲ್ಕು ಅಡಿ ಅಂತರ, ದೀರ್ಘ ಅವಧಿ, ಹೂ-ಕಾಯಿ ಹಿಡಿಯುವಾಗ ನೀರು ತಪ್ಪಿದರೆ ಎಲೆ ಕೆಂಪಾಗುತ್ತದೆ. ರಸ ಹೀರುವ ಕೀಟ, ಕಾಯಿಕೊರಕ ಎರಡಕ್ಕೂ ಅಚ್ಚುಮೆಚ್ಚು. ನೀರಾವರಿ ಇದ್ದವನು ದುಡಿದ, ಮಳೆಯಾಶ್ರಯದವನು ಕೀಟನಾಶಕ ಹೊಡೆದು ಸಾಲಗಾರನಾದ. ನಮ್ಮ ಪೀಳಿಗೆಯ ತಳಿತಜ್ಞರು ಎಳೆಯ ಉದ್ದ ಅಳೆದಷ್ಟು ಶ್ರದ್ಧೆಯಿಂದ ಈ ಲೆಕ್ಕ ಇಡಲಿಲ್ಲ.

ಬಿಟಿ ಬಂದಾಗ ಕಂಪನಿಗಳು ಜೀನನ್ನು ಸಂಕರದೊಳಗೇ ಇಟ್ಟು ಮಾರಿದವು. ಸಂಕರದ ಬೀಜ ಉಳಿಸಿ ಬಿತ್ತಿದರೆ ಮರುವರ್ಷ ಗುಣ ಒಡೆಯುತ್ತದೆ, ಆದ್ದರಿಂದ ರೈತ ಪ್ರತಿವರ್ಷ ಅಂಗಡಿಗೆ ಬರಲೇಬೇಕು. ಅಮೆರಿಕ, ಆಸ್ಟ್ರೇಲಿಯಾ, ಚೀನಾಗಳಲ್ಲಿ ಬಿಟಿ ಹೆಚ್ಚಾಗಿ ಶುದ್ಧ ತಳಿಗಳಲ್ಲೇ ಇದೆ, ಬಿತ್ತನೆಯೂ ಒತ್ತಾಗಿ. 2008ರ ಬಿಕಾನೇರಿ ನರ್ಮಾ ಬಿಟಿ ಆ ದಾರಿಯದೇ ಸರಕಾರಿ ಪ್ರಯತ್ನ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪಾಲೂ ಇತ್ತು. ಜೀನಿನ ಮೂಲದ ವಿವಾದದಲ್ಲಿ ಅದು ಮುಳುಗಿತು. ಈಗ ಗುಲಾಬಿ ಕಾಯಿಕೊರಕ ಬಿಟಿಗೂ ಬಗ್ಗುತ್ತಿಲ್ಲ.

ಮಳೆಯಾಶ್ರಯದವನಿಗೆ ಉಳಿದ ದಾರಿ ದೇಸಿ ಹತ್ತಿ. ಮಳೆ ನಿಂತ ಮೇಲೂ ಎರಿಯ ಆಳದ ತೇವ ಹೀರಿ ಬದುಕುವುದು ಜಯಧರ. ರಸ ಹೀರುವ ಕೀಟ ಅದರ ತಂಟೆಗೆ ಹೋಗುವುದು ಕಡಿಮೆ. ದೇಸಿ-ದೇಸಿ ಸಂಕರಗಳೂ ಆದವು. ಆದರೆ ಹೂ ಸಣ್ಣದು, ಕಾಯಿಗೆ ಸಿಗುವ ಬೀಜ ಕಡಿಮೆ, ಕ್ರಾಸಿಂಗ್ ಕೂಲಿ ಹುಟ್ಟುವುದಿಲ್ಲ. ಬೀಜದ ವ್ಯಾಪಾರಿಗಳು ಆ ಕಡೆ ತಲೆ ಹಾಕಲಿಲ್ಲ. ಜಯಧರದಂಥ ಶುದ್ಧ ತಳಿಯಲ್ಲಂತೂ ಅವರಿಗೆ ಒಮ್ಮೆಯಷ್ಟೇ ಗಿರಾಕಿ. ಮುಳಗುಂದದ ಹಿಂಗಾರಿ ಹೊಲಕ್ಕೆ ಹೊಸ ಹತ್ತಿ ಬೇಕಿದ್ದರೆ ಸಂಬಳ ಪಡೆಯುವ ಸರಕಾರಿ ತಳಿತಜ್ಞನೇ ಮಾಡಿಕೊಡಬೇಕು.