ಗಂಧದ ಕೊರಡು ಮತ್ತು ಹಾವಸೆ

ಯಂಕಂಚಿಯ ನಮ್ಮ ಮನೆಯ ದೇವರ ಜಗಲಿಯ ಮೇಲೆ ಅತ್ತೆಯವರು ಕೊಟ್ಟ ಗಂಧದ ಕೊರಡಿದೆ. ತೇಯ್ದು ತೇಯ್ದು ಹೆಬ್ಬೆರಳಿನಷ್ಟಾಗಿದೆ. ಮಳೆಗಾಲದಲ್ಲಿ ಬಾವಿಯ ಮೆಟ್ಟಿಲಿಗೆ ಹಾವಸೆ ಹತ್ತಿದರೆ ತಿಕ್ಕಿ ತೆಗೆಯುವವಳೂ ನಾನೇ. ಒಂದಕ್ಕೆ ಪೂಜೆ, ಒಂದಕ್ಕೆ ಕಸಬರಿಗೆ. ಆದರೆ ಇವೆರಡರ ಕುಲಕ್ಕೂ ಇಂದು ಕುತ್ತು ಬಂದಿದೆ.

ಸಣ್ಣ ಕೆಂಗಂದು ಹೂವಿನ ಶ್ರೀಗಂಧವನ್ನು 1792ರಲ್ಲಿ ಟಿಪ್ಪು ಸುಲ್ತಾನ ಮೈಸೂರು ಸೀಮೆಯಲ್ಲಿ ರಾಜವೃಕ್ಷವೆಂದು ಸಾರಿದ. ಮುಂದೆಯೂ ರೈತನ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧ ಸರ್ಕಾರದ್ದೇ ಆಯಿತು. ಕಾಯುವ ಹೊಣೆ ರೈತನದು, ಮರ ಮಾತ್ರ ಅವನದಲ್ಲ. ಹೀಗಿದ್ದರೆ ಸಸಿಯನ್ನು ಯಾರು ಸಾಕಿಯಾರು? ಕಳ್ಳರ ಕೊಡಲಿ, ಎಲೆ ಕಿರಿದಾಗಿಸಿ ಮರ ಒಣಗಿಸುವ ಸ್ಪೈಕ್ ರೋಗ ಬೇರೆ. 1998ರಲ್ಲಿ ಗಂಧ ಜಾಗತಿಕ ಕೆಂಪು ಪಟ್ಟಿಗೆ ಸೇರಿತು. 2001ರಲ್ಲಿ ಕರ್ನಾಟಕ ಕಾನೂನು ತಿದ್ದಿ, ಮರ ಭೂಮಿಯ ಒಡೆಯನದೆಂದಿತು. ಈಗ ರೈತರೇ ನೆಡುತ್ತಿದ್ದಾರೆ.

ಹಿಮಾಲಯದ ಹಾವಸೆ ಟಕಾಕಿಯಾದ ಕಥೆ ಬೇರೆ. 1861ರಲ್ಲೇ ಅದನ್ನು ವಿವರಿಸಿದರೂ ಅದು ಹಾವಸೆಯೆಂದು ಖಚಿತವಾದದ್ದು 1990ರ ದಶಕದಲ್ಲಿ. ಸುಮಾರು 39 ಕೋಟಿ ವರ್ಷಗಳ ಹಳೆಯ ವಂಶ. ಟಿಬೆಟ್ ಪ್ರಸ್ಥಭೂಮಿಯಲ್ಲಿ ಅದರ ಹರವು ವರ್ಷಕ್ಕೆ ಸುಮಾರು ಶೇ. 1.6ರಷ್ಟು ಕುಗ್ಗುತ್ತಿದೆಯೆಂದು 2023ರ ಅಧ್ಯಯನ ಹೇಳಿತು. ಅದನ್ನು ಕದಿಯುವವರಿಲ್ಲ, ಕೊಳ್ಳುವವರಿಲ್ಲ. ಭೂಮಿಯ ಕಾವು ಏರಿದ್ದೇ ಅದಕ್ಕೆ ಮುಳುವು.

ಗಂಧಕ್ಕೆ ನಮ್ಮ ಆಸೆ ಶತ್ರು, ಹಾವಸೆಗೆ ನಮ್ಮ ಅಲಕ್ಷ್ಯ. ಕಳ್ಳನನ್ನು ಹಿಡಿಯಬಹುದು, ಕಾನೂನು ತಿದ್ದಬಹುದು. ಕಾವಿಗೆ ಕಾವಲು ಹಾಕುವುದು ಹೇಗೆ?

ನಮ್ಮ ಬಾವಿಯ ಹಾವಸೆಗೆ ಅಂಥ ಕುತ್ತಿಲ್ಲ, ನಿಜ. ಆದರೂ ಈ ಮಳೆಗಾಲ ಕಾಲಿಡುವಷ್ಟು ಜಾಗ ಮಾತ್ರ ತಿಕ್ಕಿದೆ.