ಭ್ರೂಣದಿಂದ ತೆಗೆದ ಒಂದು ಜೀವಕೋಶ

ವಂಶಪಾರಂಪರ್ಯ ರೋಗವುಳ್ಳ ಕುಟುಂಬಗಳ ಮುಂದೆ ಹಿಂದೆ ಇದ್ದ ದಾರಿ ಬಲು ಕಠಿಣವಾದುದು. ಗರ್ಭ ನಿಂತ ಮೇಲೆ ಪರೀಕ್ಷೆ ಮಾಡಿಸಿ, ರೋಗವಿದೆಯೆಂದು ತಿಳಿದರೆ ಗರ್ಭಪಾತದ ಪ್ರಶ್ನೆಯನ್ನು ತಾಯಿ ಎದುರಿಸಬೇಕಾಗಿತ್ತು. ಭ್ರೂಣವು ಗರ್ಭಾಶಯವನ್ನು ಸೇರುವ ಮೊದಲೇ ಅದನ್ನು ಪರೀಕ್ಷಿಸುವ ವಿದ್ಯೆಯು ಈ ಸಂಕಟವನ್ನು ತಪ್ಪಿಸಲೆಂದೇ ಬೆಳೆಯಿತು.

1968ರಲ್ಲಿ ಕೇಂಬ್ರಿಜ್‌ನ ರಾಬರ್ಟ್ ಎಡ್ವರ್ಡ್ಸ್ ಮತ್ತು ರಿಚರ್ಡ್ ಗಾರ್ಡ್ನರ್ ಅವರು ಮೊಲದ ಭ್ರೂಣದ ಹೊರಪದರದಿಂದ ಕೆಲವು ಜೀವಕೋಶಗಳನ್ನು ತೆಗೆದು, ಅದು ಗಂಡೋ ಹೆಣ್ಣೋ ಎಂಬುದನ್ನು ನಿರ್ಣಯಿಸಿ ತೋರಿಸಿದರು. 1978ರಲ್ಲಿ ಎಡ್ವರ್ಡ್ಸ್ ಮತ್ತು ಪ್ಯಾಟ್ರಿಕ್ ಸ್ಟೆಪ್ಟೋ ಅವರ ಪರಿಶ್ರಮದಿಂದ ಪ್ರಥಮ ಪ್ರನಾಳ ಶಿಶು ಜನಿಸಿತು. ಆ ಬಳಿಕ ಮಾನವ ಭ್ರೂಣದ ಪರೀಕ್ಷೆಯೂ ಸಾಧ್ಯವೆನಿಸಿತು.

1990ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಅಲನ್ ಹ್ಯಾಂಡಿಸೈಡ್ ಮತ್ತು ಸಂಗಡಿಗರು ಅದನ್ನು ಸಾಧಿಸಿದ ವರದಿ ಪ್ರಕಟವಾಯಿತು. ಮೂರನೆಯ ದಿನದ ಭ್ರೂಣದಿಂದ ಒಂದು ಜೀವಕೋಶವನ್ನು ಸೂಕ್ಷ್ಮ ನಳಿಕೆಯಿಂದ ಹೊರತೆಗೆದು, ಗಂಡಿನ ಲಕ್ಷಣವಾದ ವೈ ವರ್ಣತಂತುವನ್ನು ಅದರಲ್ಲಿ ಹುಡುಕಿದರು. ತಾಯಿಯಿಂದ ಬಂದು ಗಂಡುಮಕ್ಕಳನ್ನೇ ಹೆಚ್ಚಾಗಿ ಬಾಧಿಸುವ ರೋಗಗಳ ಭಯವಿದ್ದುದರಿಂದ ಹೆಣ್ಣು ಭ್ರೂಣಗಳನ್ನೇ ಆರಿಸಿದರು.

ಆದರೆ ಕೋಶವನ್ನು ತೆಗೆಯುವುದರಿಂದ ಭ್ರೂಣಕ್ಕೆ ನೋವಾಗದೆ? 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ನೀಡಿತು. ಮೂರನೆಯ ದಿನ ಕೋಶ ತೆಗೆದ ಭ್ರೂಣಗಳಲ್ಲಿ ಶೇ. 30 ಮಾತ್ರ ಶಿಶುಗಳಾಗಿ ಬೆಳೆದರೆ, ತೆಗೆಯದವುಗಳಲ್ಲಿ ಶೇ. 50 ಬೆಳೆದವು. ಸುಮಾರು ಐದನೆಯ ದಿನ, ಮುಂದೆ ಮಾಸು ಆಗಲಿರುವ ಹೊರಪದರದಿಂದ ಕೆಲವು ಕೋಶಗಳನ್ನು ತೆಗೆದಾಗ ಅಂತಹ ಹಾನಿ ಕಾಣಲಿಲ್ಲ. ಇಂದು ಈ ಕ್ರಮವೇ ಹೆಚ್ಚು ಬಳಕೆಯಲ್ಲಿದೆ.

ಕೈ ಎಷ್ಟೇ ನಯವಾದರೂ ಉದ್ದೇಶದ ಪ್ರಶ್ನೆ ಉಳಿದೇ ಇರುತ್ತದೆ. ಭಾರತದಲ್ಲಿ 1994ರ ಕಾನೂನು 2003ರಲ್ಲಿ ತಿದ್ದುಪಡಿಗೊಂಡು, ಗರ್ಭಧಾರಣೆಗೆ ಮುನ್ನ ಲಿಂಗವನ್ನು ಆರಿಸುವುದನ್ನೂ ನಿಷೇಧಿಸಿತು. 2021ರ ಕಾನೂನು ಭ್ರೂಣಪರೀಕ್ಷೆಯನ್ನು ಮುಖ್ಯವಾಗಿ ಆನುವಂಶಿಕ ರೋಗಗಳ ಪತ್ತೆಗೆ ಸೀಮಿತಗೊಳಿಸಿತು. ಈ ಕಟ್ಟುಪಾಡಿನ ಅಗತ್ಯವನ್ನು ಜನಗಣತಿಯೇ ಹೇಳುತ್ತದೆ. 2001ರಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ದೇಶದಲ್ಲಿ 927 ಹೆಣ್ಣುಮಕ್ಕಳಿದ್ದರು. ಅಕ್ಷರಜ್ಞಾನದಲ್ಲಿ ಅಗ್ರಸ್ಥಾನದಲ್ಲಿದ್ದ ಜೈನರಲ್ಲಿ 870 ಮಾತ್ರ. 2011ರಲ್ಲಿಯೂ ಈ ಸಂಖ್ಯೆ 889ನ್ನು ದಾಟಲಿಲ್ಲ.

ರೋಗದಿಂದ ಮಗುವನ್ನು ಕಾಪಾಡಲು ಲಂಡನ್ನಿನ ವೈದ್ಯರು ಹೆಣ್ಣು ಭ್ರೂಣವನ್ನು ಅರಸಿದರು. ಇಲ್ಲಿ ಹೆಣ್ಣೆಂಬುದೇ ರೋಗವೆಂಬಂತೆ ಎಣಿಸಿದವರಿದ್ದಾರೆ. ಬಳಸದೆ ಉಳಿದ ಭ್ರೂಣಗಳ ಗತಿಯೇನೆಂಬ ಪ್ರಶ್ನೆಯೂ ಇದರೊಡನೆ ಇದೆ. ಸೂಕ್ಷ್ಮಜೀವಿಗಳಿಗೂ ದಯೆ ತೋರಬೇಕೆನ್ನುವ ಕುಲದಲ್ಲಿ ಈ ಎರಡೂ ವಿಷಯಗಳು ಮನೆಮನೆಯ ಚಿಂತನೆಗೆ ಬರಬೇಕಾಗಿವೆ.