ನೀಲಿ ಜ್ವಾಲೆಯೂ ಪಾತ್ರೆಯ ತಳವೂ

ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿರುವ ಬುನ್ಸೆನ್ ಬರ್ನರನ್ನೂ ಮನೆಯ ಗ್ಯಾಸ್ ಒಲೆಯನ್ನೂ ಒಮ್ಮೆ ಹೋಲಿಸಿ ನೋಡಿ. ಎರಡೂ ಒಂದೇ ವಂಶಕ್ಕೆ ಸೇರಿದವು ಎಂದರೆ ನಿಮಗೆ ಅಚ್ಚರಿಯಾಗಬಹುದು.

ಅನಿಲದಿಂದ ಅಡುಗೆ ಮಾಡುವ ಯತ್ನ ಬುನ್ಸೆನ್‌ನಿಗಿಂತ ಹಳೆಯದು. ಇಂಗ್ಲೆಂಡಿನ ನಾರ್ಥಾಂಪ್ಟನ್ನಿನ ಜೇಮ್ಸ್ ಶಾರ್ಪ್ 1826ರಲ್ಲೇ ಗ್ಯಾಸ್ ಒಲೆಗೆ ಪೇಟೆಂಟ್ ಪಡೆದಿದ್ದ. ಆಗಿನದು ಕಲ್ಲಿದ್ದಲಿನಿಂದ ತೆಗೆದ ಅನಿಲ. ಅದರ ಮುಖ್ಯ ಉಪಯೋಗ ಬೀದಿದೀಪಕ್ಕೆ. ದೀಪಕ್ಕೆ ಹಳದಿ ಜ್ವಾಲೆ ಒಳ್ಳೆಯದು, ಪಾತ್ರೆಗೆ ಅಲ್ಲ. ಪೂರ್ತಿ ಉರಿಯದ ಇಂಗಾಲದ ಕಣಗಳು ಕಾದು ಹೊಳೆಯುವುದರಿಂದಲೇ ಆ ಹಳದಿ ಬಣ್ಣ. ಅದರ ಮೇಲೆ ಪಾತ್ರೆಯಿಟ್ಟರೆ ಆ ಕಣಗಳೇ ಮಸಿಯಾಗಿ ಅಂಟಿಕೊಳ್ಳುತ್ತವೆ.

ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ರಾಬರ್ಟ್ ಬುನ್ಸೆನ್‌ಗೆ ತನ್ನ ಹೊಸ ಪ್ರಯೋಗಾಲಯಕ್ಕಾಗಿ ಮಸಿಯಿಲ್ಲದ ಜ್ವಾಲೆ ಬೇಕಿತ್ತು. 1855ರ ಸುಮಾರಿಗೆ ಅದನ್ನು ಮಾಡಿಕೊಟ್ಟವನು ಅಲ್ಲಿನ ಕುಶಲಕರ್ಮಿ ಪೀಟರ್ ಡೆಸಾಗಾ. ಹೆಸರು ಮಾತ್ರ ಪ್ರೊಫೆಸರರದೇ ಉಳಿಯಿತು! ಕಿರಿದಾದ ರಂಧ್ರದಿಂದ ರಭಸವಾಗಿ ನುಗ್ಗುವ ಅನಿಲವು ಕೊಳವೆಯ ಬುಡದ ತೂತುಗಳಿಂದ ಗಾಳಿಯನ್ನು ಎಳೆದುಕೊಂಡು, ಬೆರೆತ ಮೇಲೆಯೇ ಉರಿಯುತ್ತದೆ. ಆಗ ಜ್ವಾಲೆ ನೀಲಿ. ನಿಮ್ಮ ಮನೆಯ ಒಲೆಯಲ್ಲಿಯೂ ನಡೆಯುವುದು ಇದೇ. ಆದರೆ ಬೇಕಾದ ಗಾಳಿಯೆಲ್ಲವೂ ಬುಡದಿಂದ ಬರುವುದಿಲ್ಲ. ಉಳಿದುದನ್ನು ಜ್ವಾಲೆಯು ತನ್ನ ಸುತ್ತಲಿನಿಂದ ಪಡೆಯಬೇಕು. ಪಾತ್ರೆಯ ವಿಚಾರ ಬರುವುದು ಇಲ್ಲಿಯೇ.

ನಮ್ಮ ಹಿರಿಯರ ಮಣ್ಣಿನ ಒಲೆಗೆ ದುಂಡು ತಳದ ಮಡಕೆ ಹೇಳಿಮಾಡಿಸಿದ್ದು. ಅದು ಒಲೆಯ ಬಾಯಿಯಲ್ಲಿ ಭದ್ರವಾಗಿ ಕೂರುತ್ತಿತ್ತು. 1955ರಲ್ಲಿ ಬರ್ಮಾ ಷೆಲ್ ಕಂಪನಿ ಮುಂಬಯಿಯಲ್ಲಿ ಸಿಲಿಂಡರ್ ಅನಿಲ ಮಾರಲಾರಂಭಿಸಿತು. 1965ರಲ್ಲಿ ಕಲ್ಕತ್ತೆಯಲ್ಲಿ ಇಂಡೇನ್ ಬಂದಿತು. ಒಲೆ ಬದಲಾಯಿತು, ಆದರೆ ಎಲ್ಲ ಪಾತ್ರೆಗಳೂ ಬದಲಾಗಲಿಲ್ಲ. ಬಿಸಿ ಎಣ್ಣೆ ತುಂಬಿದ ದುಂಡು ಬಾಣಲೆ ಕಬ್ಬಿಣದ ಕಾಲುಗಳ ಮೇಲೆ ಓಲಾಡುವುದನ್ನು ನೀವೂ ಕಂಡಿರಬಹುದು. ಅದಕ್ಕೆ ಬಳೆಯಾಕಾರದ ಆಸರೆ ಬೇಕೇ ಬೇಕು. ಚಿಕ್ಕ ಪಾತ್ರೆಯಾದರೆ ಜ್ವಾಲೆ ಪಕ್ಕಕ್ಕೆ ಚಾಚಿ ಹಿಡಿಯನ್ನು ಸುಡುತ್ತದೆ. ಹಬ್ಬದ ಅಡುಗೆಯ ದೊಡ್ಡ ತಪ್ಪಲೆ ಇಡೀ ಒಲೆಯನ್ನು ಮುಚ್ಚಿದರೆ ಇನ್ನೂ ಅಪಾಯ. ಗಾಳಿ ಸಿಗದ ಜ್ವಾಲೆ ಮತ್ತೆ ಹಳದಿಗೆ ತಿರುಗುತ್ತದೆ, ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಅಡುಗೆಮನೆಯಲ್ಲಿ ಅದು ಪ್ರಾಣವನ್ನೇ ತೆಗೆಯಬಲ್ಲದು.

ಅಂಚಿನವರೆಗೆ ತುಂಬಿದ ಹಾಲು ಉಕ್ಕಿ ಜ್ವಾಲೆ ಆರಿದರೆ? ಅನಿಲ ಹರಿಯುತ್ತಲೇ ಇರುತ್ತದೆ. ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಡಿ ನಿಲ್ಲುತ್ತದೆ. ನಿಮ್ಮ ಮೂಗಿಗೆ ಬಡಿಯುವ ಆ ಕೆಟ್ಟ ವಾಸನೆ ಅನಿಲದ್ದಲ್ಲ, ಬೇಕೆಂದೇ ಬೆರೆಸಿದ ಮರ್ಕ್ಯಾಪ್ಟನ್‌ದು. ಈ ಪದ್ಧತಿ ವ್ಯಾಪಕವಾದುದರ ಹಿಂದೆ ಒಂದು ದುರಂತವಿದೆ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯ ಕೆಳಗೆ ವಾಸನೆಯಿಲ್ಲದ ನೈಸರ್ಗಿಕ ಅನಿಲ ಸೋರಿ ತುಂಬಿಕೊಂಡು ಸ್ಫೋಟಿಸಿತು. ಸುಮಾರು 300 ಮಂದಿ ಸತ್ತರು. ಹೆಚ್ಚಿನವರು ನಿಮ್ಮಂಥ ವಿದ್ಯಾರ್ಥಿಗಳು.

ವಾಸನೆ ಬಂದಾಗ ಒಲೆಯನ್ನೂ ರೆಗ್ಯುಲೇಟರನ್ನೂ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ. ಅನಿಲ ಹೊರಹೋಗಲೆಂದು ಫ್ಯಾನ್ ಹಾಕುವವರಿದ್ದಾರೆ. ನ್ಯೂ ಲಂಡನ್ನಿನ ಶಾಲೆಯಲ್ಲಿ ಆ ಅನಿಲವನ್ನು ಹೊತ್ತಿಸಿದ್ದು ಕಾರ್ಯಾಗಾರದ ಒಂದು ವಿದ್ಯುತ್ ಯಂತ್ರದ ಸ್ವಿಚ್ಚಿನ ಕಿಡಿಯೆಂದು ನಂಬಲಾಗಿದೆ.